ನವಾಹೊ ಕಂಬಳಿಯ ಮೌಲ್ಯನಿರ್ಣಯ

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ನೆಲೆಸಿರುವ ನವಾಹೊ ಜನ ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಕೈಯಿಂದ ನೇಯ್ದ ಹಳೆಯ ಉಣ್ಣೆಯ ಹೊದಿಕೆ, ನೆಲಹಾಸುಗಳ ನಿಜತನ, ಕಾಲ, ನೇಯ್ಗೆಯ ಗುಣ ಮತ್ತು ಈಗಿನ ಸ್ಥಿತಿಯನ್ನು ಪರೀಕ್ಷಿಸಿ ಬೆಲೆ ಕಟ್ಟುವ ಕೆಲಸವೇ ನವಾಹೊ ಕಂಬಳಿಯ ಮೌಲ್ಯನಿರ್ಣಯ. ಈ ಬಟ್ಟೆಗಳಲ್ಲಿ ರತ್ನಗಂಬಳಿಯಂತೆ ಗಂಟು ಹಾಕಿ ಕತ್ತರಿಸಿದ ಜುಂಗು ಇರುವುದಿಲ್ಲ. ಜಮಖಾನೆಯ ಹಾಗೆ ಚಪ್ಪಟೆಯಾದ, ಎರಡೂ ಮಗ್ಗುಲು ಒಂದೇ ರೀತಿ ಕಾಣುವ ನೇಯ್ಗೆ ಇದು. ನೂರು ವರ್ಷ ದಾಟಿದ್ದನ್ನು ವ್ಯಾಪಾರದಲ್ಲಿ ‘ಆಂಟಿಕ್’ ಎಂದೂ ಅದಕ್ಕಿಂತ ಕಿರಿಯದಾದರೂ ಕೆಲವು ದಶಕ ಹಳೆಯದನ್ನು ‘ವಿಂಟೇಜ್’ ಎಂದೂ ಕರೆಯುವುದು ರೂಢಿ.

ಕಂಬಳಿಯನ್ನು ಬಿಡಿಸಿ ಹಾಸಿದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಚಿತ್ತಾರ. ಅನುಭವಿ ಮೌಲ್ಯಮಾಪಕರು ಚಿತ್ತಾರಕ್ಕೆ ಕೊನೆಗೆ ಬರುತ್ತಾರೆ. ಚಿತ್ತಾರವನ್ನು ಯಾವ ದೇಶದ ಯಾವ ಮಗ್ಗದ ಮೇಲಾದರೂ ನಕಲು ಮಾಡಬಹುದು, ಮಗ್ಗವೇ ರೂಪಿಸಿದ ಅಂಚನ್ನು ನಕಲು ಮಾಡುವುದು ಬಲು ಕಷ್ಟ. ಹಾಗಾಗಿ ಪರೀಕ್ಷೆ ಅಂಚಿನಲ್ಲಿ ಶುರುವಾಗಿ ನೂಲು, ಬಣ್ಣಗಳನ್ನು ದಾಟಿ ನಡುವಿನ ಚಿತ್ತಾರಕ್ಕೆ ಹೋಗುತ್ತದೆ.

ಜನ ಮತ್ತು ಮಗ್ಗ

ನವಾಹೊಗಳು ತಮ್ಮನ್ನು ‘ಡಿನೆ’, ಅಂದರೆ ‘ಜನ’, ಎಂದು ಕರೆದುಕೊಳ್ಳುತ್ತಾರೆ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ನಾಡಿನ ರಾಜಧಾನಿ ವಿಂಡೋ ರಾಕ್. 1598ರಲ್ಲಿ ಹುವಾನ್ ದೆ ಒನ್ಯಾತೆಯ ನೇತೃತ್ವದಲ್ಲಿ ಬಂದು ನೆಲೆಯೂರಿದ ಸ್ಪ್ಯಾನಿಷರ ಜೊತೆಗೆ ಚುರ್ರೊ ತಳಿಯ ಕುರಿಗಳು ಈ ಸೀಮೆಗೆ ಬಂದವು. ಹತ್ತಿ ನೇಯುತ್ತಿದ್ದ ನೆರೆಯ ಪ್ವೆಬ್ಲೊ ಜನರಿಂದ ನವಾಹೊಗಳು 17ನೆಯ ಶತಮಾನದಲ್ಲಿ ನೇಯ್ಗೆ ಕಲಿತರೆಂದು ವಿದ್ವಾಂಸರು ಹೇಳುತ್ತಾರೆ. ಡಿನೆ ಪರಂಪರೆಯ ಪ್ರಕಾರ ನೇಯ್ಗೆಯನ್ನು ಕಲಿಸಿದವಳು ಜೇಡರಮಾತೆ. ಅರಿಜೋನದ ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ಸುಮಾರು 240 ಮೀಟರ್ ಎತ್ತರಕ್ಕೆ ಎದ್ದಿರುವ ಜೇಡರ ಬಂಡೆ ಅವಳ ಮನೆ. ಪ್ವೆಬ್ಲೊಗಳಲ್ಲಿ ನೇಯ್ಗೆ ಬಹುಪಾಲು ಗಂಡಸರ ಕೆಲಸವಾಗಿದ್ದರೆ ನವಾಹೊಗಳಲ್ಲಿ ಅದು ಮುಖ್ಯವಾಗಿ ಹೆಂಗಸರ ಕೈಗೆ ಬಂತು.

ಮಗ್ಗದ ರಚನೆ ಸರಳ. ಎರಡು ಕಂಬ, ಮೇಲೊಂದು ಕೆಳಗೊಂದು ಅಡ್ಡಮರ, ಅವುಗಳ ನಡುವೆ ಬಿಗಿದ ಹಾಸು. ಈ ಹಾಸಿನ ನೂಲು ಎಲ್ಲೂ ಕತ್ತರಿಸದೆ ಮೇಲೆ ಕೆಳಗೆ ಸುತ್ತಿಬರುವ ಒಂದೇ ಉದ್ದದ ಎಳೆ. ಹೊಕ್ಕಿನ ನೂಲನ್ನು ಬೆರಳಿನಿಂದ ತೂರಿಸಿ ಮರದ ಹಣಿಗೆಯಿಂದ ಕೆಳಕ್ಕೆ ಬಡಿದು ಕೂರಿಸುತ್ತಾರೆ. ಹೊಕ್ಕು ಎಷ್ಟು ಒತ್ತಾಗಿ ಕೂರುತ್ತದೆಂದರೆ ಹಾಸು ಪೂರ್ತಿ ಮರೆಯಾಗುತ್ತದೆ. ಉತ್ತರ ಕರ್ನಾಟಕದ ನವಲಗುಂದದಲ್ಲೂ ಹೆಂಗಸರು ನೆಟ್ಟಗಿನ ಮಗ್ಗದ ಮೇಲೆ ಜಮಖಾನೆ ನೇಯುತ್ತಾರೆ. ಆದರೆ ಅಲ್ಲಿ ನೂಲು ಹತ್ತಿಯದು, ಇಲ್ಲಿ ಉಣ್ಣೆಯದು. ಎರಡು ಪರಂಪರೆಗಳ ನಡುವೆ ಚಾರಿತ್ರಿಕ ನಂಟೇನೂ ಇಲ್ಲ.

ಕಾಲಘಟ್ಟಗಳು

ಬೆಲೆಯ ದೊಡ್ಡ ವ್ಯತ್ಯಾಸಗಳು ಕಾಲದಿಂದ ಹುಟ್ಟುತ್ತವೆ. ಸುಮಾರು 1650ರಿಂದ 1860ರ ದಶಕದವರೆಗಿನದು ಅಭಿಜಾತ ಘಟ್ಟ. ಆಗ ನವಾಹೊಗಳು ನೇಯುತ್ತಿದ್ದದ್ದು ಮೈಗೆ ಹೊದೆಯುವ ಬಟ್ಟೆ, ನೆಲಕ್ಕೆ ಹಾಸುವುದಲ್ಲ. ಇವುಗಳಲ್ಲಿ ಅತಿ ಹೆಸರುವಾಸಿಯಾದದ್ದು ‘ಮುಖಂಡರ ಕಂಬಳಿ’. ಉದ್ದಕ್ಕಿಂತ ಅಗಲ ಹೆಚ್ಚಾಗಿರುವ, ಅಡ್ಡಪಟ್ಟೆಗಳ ಹೊದಿಕೆ ಇದು. ನವಾಹೊಗಳಿಗೆ ಆ ಅರ್ಥದ ಮುಖಂಡರಿರಲಿಲ್ಲ. ಯೂಟ್ ಜನರಲ್ಲೂ ಶೈಯೆನ್ ಮುಂತಾದ ಬಯಲುಸೀಮೆಯ ಜನರಲ್ಲೂ ಉಳ್ಳವರು ಮಾತ್ರ ಕೊಳ್ಳಬಲ್ಲ ವಸ್ತುವಾಗಿದ್ದರಿಂದ ಆ ಹೆಸರು ಅಂಟಿಕೊಂಡಿತು. ಬರೀ ಪಟ್ಟೆಗಳಿದ್ದರೆ ಮೊದಲ ಹಂತ (ಸುಮಾರು 1800–1850), ಪಟ್ಟೆಗಳೊಳಗೆ ಕೆಂಪು ಆಯತಗಳು ಕೂಡಿಕೊಂಡರೆ ಎರಡನೆಯ ಹಂತ, ನಡುವಿಗೂ ಮೂಲೆಗಳಿಗೂ ವಜ್ರಾಕೃತಿಗಳು ಬಂದರೆ ಮೂರನೆಯ ಹಂತ (ಸುಮಾರು 1860ರಿಂದ). ಉಳಿದಿರುವ ಮೊದಲ ಹಂತದ ಕಂಬಳಿಗಳು ಬಲು ವಿರಳ. 2001ರಲ್ಲಿ ‘ಆಂಟಿಕ್ಸ್ ರೋಡ್‌ಶೋ’ ಟಿ.ವಿ. ಕಾರ್ಯಕ್ರಮ ಅರಿಜೋನದ ಟೂಸಾನಿನಲ್ಲಿ ನಡೆದಾಗ, ಮನೆಯ ಕುರ್ಚಿಯ ಮೇಲೆ ಹೊದಿಸಿಟ್ಟಿದ್ದ ಅಂಥ ಒಂದು ಕಂಬಳಿಗೆ 3.5 ಲಕ್ಷದಿಂದ 5 ಲಕ್ಷ ಡಾಲರ್ ಬೆಲೆ ಕಟ್ಟಲಾಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಹರಾಜೊಂದರಲ್ಲಿ ಇನ್ನೊಂದು ಸುಮಾರು 18 ಲಕ್ಷ ಡಾಲರಿಗೆ ಮಾರಾಟವಾಯಿತು.

1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ನವಾಹೊಗಳನ್ನು ಅವರ ನೆಲದಿಂದ ಎಬ್ಬಿಸಿ, ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಬೋಸ್ಕೆ ರೆದೊಂದೊದಲ್ಲಿ ಸೆರೆಯಿಟ್ಟಿತು. ಈ ದಾರುಣ ಪಯಣ ಇತಿಹಾಸದಲ್ಲಿ ‘ದೀರ್ಘ ನಡಿಗೆ’ ಎಂದು ಉಳಿದಿದೆ. ದಂಡಯಾತ್ರೆಯಲ್ಲಿ ಕುರಿಹಿಂಡುಗಳು ನಾಶವಾದವು. ಸೆರೆಯಲ್ಲಿದ್ದವರಿಗೆ ಸರ್ಕಾರ ಹಂಚಿದ ಗಿರಣಿಯ ನೂಲು, ಅಲ್ಲಿ ಕಣ್ಣಿಗೆ ಬಿದ್ದ ಹಿಸ್ಪಾನಿಕ್ ಹೊದಿಕೆಗಳ ಗರಗಸದಂಚಿನ ವಜ್ರಗಳು ಮುಂದಿನ ನೇಯ್ಗೆಯಲ್ಲಿ ಕಾಣಿಸಿಕೊಂಡವು. 1868ರ ಜೂನ್ 1ರ ಒಪ್ಪಂದದಂತೆ ಅವರು ಊರಿಗೆ ಮರಳಿದರು. 15,000 ಕುರಿ, ಮೇಕೆಗಳನ್ನು ಕೊಡಿಸುವುದಾಗಿ ಅದೇ ಒಪ್ಪಂದ ಹೇಳಿತು. ಕಂಬಳಿಯ ಕಾಲ ಗುರುತಿಸುವವರಿಗೆ ಈ 4 ವರ್ಷಗಳು ಒಂದು ಗಡಿಕಲ್ಲು.

1881–82ರಲ್ಲಿ ರೈಲು ಬಂದಮೇಲೆ ಗಿರಣಿ ಕಂಬಳಿಗಳು ಅಗ್ಗವಾಗಿ ಸಿಕ್ಕವು. ನವಾಹೊಗಳು ತಮ್ಮ ಹೊದಿಕೆ ತಾವೇ ನೇಯಬೇಕಾದ ಅಗತ್ಯ ಹೋಯಿತು. ಅದೇ ರೈಲು ಪೂರ್ವದ ನಗರಗಳ ಗಿರಾಕಿಗಳನ್ನೂ ಕರೆತಂದಿತು. ಅವರಿಗೆ ಬೇಕಾದದ್ದು ಕೋಣೆಯ ನೆಲಕ್ಕೆ ಹಾಸುವ, ದಪ್ಪನೆಯ, ಸುತ್ತಲೂ ಅಂಚುಪಟ್ಟಿ ಇರುವ ಬಟ್ಟೆ. ಹೀಗೆ ಸಂಧಿಕಾಲ ದಾಟಿ 1895ರ ಹೊತ್ತಿಗೆ ಹೊದಿಕೆ ನೆಲಕ್ಕಿಳಿಯಿತು. ಇಂದು ಮೌಲ್ಯನಿರ್ಣಯಕ್ಕೆ ಬರುವ ಬಹುಪಾಲು ಕಂಬಳಿಗಳು ಈ ನೆಲಹಾಸಿನ ಘಟ್ಟದವು.

ಅಂಚಿನ ಸಾಕ್ಷ್ಯ

ನವಾಹೊ ಮಗ್ಗದಿಂದ ಇಳಿದ ಕಂಬಳಿಗೆ ನಾಲ್ಕು ಕಡೆಯೂ ಮುಗಿದ ಅಂಚು ಇರುತ್ತದೆ. ಹಾಸಿನ ಎಳೆ ಮೇಲಿನ, ಕೆಳಗಿನ ತುದಿಗಳಲ್ಲಿ ಹೊರಳಿ ಹಿಂದಿರುಗುವುದರಿಂದ ಕತ್ತರಿಸಿದ ತುದಿಗಳಾಗಲಿ, ಅವುಗಳಿಂದ ಕಟ್ಟಿದ ಕುಚ್ಚಾಗಲಿ ಇರಲು ಎಡೆಯೇ ಇಲ್ಲ. ಹೊರಳುವ ಜಾಗದಲ್ಲಿ ಎರಡು ಮೂರು ಎಳೆಗಳನ್ನು ಹೊಸೆದ ಹುರಿ ಓಡುತ್ತದೆ. ಪಕ್ಕದ ಅಂಚುಗಳಲ್ಲಿಯೂ ಸಾಮಾನ್ಯವಾಗಿ ಅಂಥದೇ ಜೋಡಿ ಹುರಿ ಇದ್ದು, ನಾಲ್ಕು ಮೂಲೆಗಳಲ್ಲಿ ಹುರಿಗಳ ತುದಿ ಸೇರಿ ಪುಟ್ಟ ಗೊಂಡೆಯಾಗುತ್ತದೆ. ಕೊನೆಯ ಅಂಗುಲ ನೇಯುವಾಗ ಹಾಸು ಬಿಗಿದುಕೊಂಡು ಕೈ ತೂರಲು ಜಾಗವಿರದೆ ನೇಕಾರ್ತಿ ಸೂಜಿಯಂಥ ತೆಳುವಾದ ಕಡ್ಡಿಯಿಂದ ಹೊಕ್ಕು ತೂರಿಸುತ್ತಾಳೆ. ಅಲ್ಲಿ ನೇಯ್ಗೆಯ ಒತ್ತು ಉಳಿದ ಮೈಗಿಂತ ಸ್ವಲ್ಪ ಬೇರೆಯಾಗಿ ಬೆರಳಿಗೆ ಸಿಗುತ್ತದೆ.

ನಕಲುಗಳು ಸಿಕ್ಕಿಬೀಳುವುದೂ ಇಲ್ಲಿಯೇ. ಮೆಕ್ಸಿಕೊದ ಒಹಾಕ ಪ್ರಾಂತದ ಸಪೊಟೆಕ್ ನೇಕಾರರು ಕಾಲಿನಿಂದ ತುಳಿಯುವ ಮಗ್ಗದ ಮೇಲೆ ಸೊಗಸಾದ ಕಂಬಳಿ ನೇಯುತ್ತಾರೆ, ಅದು ಅವರದೇ ಪರಂಪರೆ. ಅದನ್ನು ನವಾಹೊ ಎಂದು ಮಾರಿದಾಗ ಮಾತ್ರ ವಂಚನೆ. ಆ ಮಗ್ಗದಲ್ಲಿ ಹಾಸನ್ನು ಕತ್ತರಿಸಿ ಇಳಿಸಲೇಬೇಕು. ಆದ್ದರಿಂದ ತುದಿಗಳಲ್ಲಿ ಕುಚ್ಚು ಇರುತ್ತದೆ, ಇಲ್ಲವೇ ಕುಚ್ಚಿನ ಎಳೆಗಳನ್ನು ಸೂಜಿಯಿಂದ ಬಟ್ಟೆಯೊಳಕ್ಕೇ ಹಿಂದಕ್ಕೆ ಚುಚ್ಚಿ ಮುಚ್ಚಿರುತ್ತಾರೆ. ಹಾಗೆ ಮುಚ್ಚಿದ್ದರೆ ತುದಿಯ ಒಂದೆರಡು ಅಂಗುಲ ಉಬ್ಬಿ ದಪ್ಪವಾಗಿ ತಿಳಿಯುತ್ತದೆ. ಪಕ್ಕದ ಅಂಚಿಗೆ ಬಲ ಬರಲೆಂದು ಕೊನೆಯ ಹಾಸಿನ ಎಳೆಗಳನ್ನು ಜೋಡಿಯಾಗಿ ಸೇರಿಸುವುದು ಅಲ್ಲಿಯ ಪದ್ಧತಿ. ನ್ಯೂ ಮೆಕ್ಸಿಕೊದ ಚಿಮಾಯೊ ಕಂಬಳಿಗಳೂ ತುಳಿಮಗ್ಗದವೇ. ಭಾರತದಿಂದಲೂ ನವಾಹೊ ಚಿತ್ತಾರ ಹೊತ್ತ ಜಮಖಾನೆಗಳು ಅಮೆರಿಕದ ಅಂಗಡಿಗಳಿಗೆ ಹೋಗುತ್ತವೆ. ಮುಂಭಾಗದ ವಿನ್ಯಾಸ ಹುಬೇಹೂಬು ಇದ್ದರೂ ಅಂಚಿನಲ್ಲಿ ಕತ್ತರಿಸಿದ ಹಾಸು ಅವುಗಳ ಮೂಲವನ್ನು ಹೇಳಿಬಿಡುತ್ತದೆ.

ಈ ನಿಯಮಕ್ಕೆ ಅಪವಾದಗಳೂ ಇವೆ. ‘ಗ್ಯಾಲಪ್ ಥ್ರೋ’ ಎಂಬ ಪುಟ್ಟ, ಅಗ್ಗದ ನವಾಹೊ ನೇಯ್ಗೆಗಳಲ್ಲಿ ಹತ್ತಿಯ ಹಾಸು ಇದ್ದು, ಒಂದು ತುದಿಯಲ್ಲಿ ಕುಚ್ಚು ಇರುತ್ತದೆ. ಜರ್ಮನ್‌ಟೌನ್ ಎಂಬ ಗಿರಣಿ ನೂಲಿನ ಕಂಬಳಿಗಳಿಗೆ ಅಲಂಕಾರಕ್ಕೆಂದು ಕುಚ್ಚನ್ನು ಆಮೇಲೆ ಸೇರಿಸಿದ್ದುಂಟು. ಹಾಗಾಗಿ ಕುಚ್ಚು ಕಂಡೊಡನೆ ತಳ್ಳಿಹಾಕುವುದಲ್ಲ, ಆ ಕುಚ್ಚು ಹಾಸಿನದೇ ಅಥವಾ ಹೊರಗಿನಿಂದ ಹೊಲಿದದ್ದೇ ಎಂದು ಬಿಡಿಸಿ ನೋಡಬೇಕು.

ಮೈಯಲ್ಲಿ ಕಾಣುವ ಇನ್ನೊಂದು ಗುರುತು ಓರೆಗೆರೆ. ಅಗಲವಾದ ಕಂಬಳಿಯ ಮುಂದೆ ಕುಳಿತ ನೇಕಾರ್ತಿ ಕೈಗೆಟಕುವಷ್ಟು ಭಾಗವನ್ನು ಮೊದಲು ನೇಯ್ದು ಆಮೇಲೆ ಪಕ್ಕಕ್ಕೆ ಸರಿಯುತ್ತಾಳೆ. ಎರಡು ಭಾಗ ಕೂಡುವಲ್ಲಿ ಒಂದೇ ಬಣ್ಣದ ಮೈಯಲ್ಲೂ ಓರೆಯಾದ ಸಣ್ಣ ಗೆರೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೋಮಾರಿ ಗೆರೆ ಎಂಬ ಹೆಸರಿದ್ದರೂ ಅದರಲ್ಲಿ ಸೋಮಾರಿತನವೇನೂ ಇಲ್ಲ. ಬೆಳಕಿಗೆ ಹಿಡಿದರೆ ಇದು ಚೆನ್ನಾಗಿ ಕಾಣುತ್ತದೆ. ಇದ್ದರೆ ನವಾಹೊ ಎನ್ನಲು ಬಲವಾದ ಸಾಕ್ಷಿ. ಎಲ್ಲ ಕಂಬಳಿಗಳಲ್ಲೂ ಇರುವುದಿಲ್ಲವಾದ್ದರಿಂದ, ಇಲ್ಲದಿರುವುದು ನಕಲು ಎನ್ನಲು ಸಾಕ್ಷಿಯಲ್ಲ. ಅಂಚುಪಟ್ಟಿಯನ್ನು ದಾಟಿ ಹೊರಗೆ ಹೋಗುವ ತೆಳ್ಳನೆಯ ‘ಚೇತನದ ಗೆರೆ’ಯನ್ನು ಕೆಲವರು ನಿಜತನದ ಮುದ್ರೆಯೆಂದು ನಂಬುತ್ತಾರೆ. ನೇಕಾರ್ತಿಯ ಮನಸ್ಸು ಕಂಬಳಿಯೊಳಗೆ ಸಿಕ್ಕಿಕೊಳ್ಳದಿರಲಿ ಎಂದು ಬಿಡುವ ದಾರಿ ಅದು. ಅದನ್ನು ನಕಲುಗಾರರೂ ಎಳೆಯಬಲ್ಲರು, ನಿಜವಾದ ಎಷ್ಟೋ ಕಂಬಳಿಗಳಲ್ಲಿ ಅದು ಇರುವುದೂ ಇಲ್ಲ.

ನೂಲು ಮತ್ತು ಬಣ್ಣ

‘ನೂಲಿನಂತೆ ಸೀರೆ’ ಎಂಬ ಗಾದೆ ಈ ಕಂಬಳಿಗೂ ಒಪ್ಪುತ್ತದೆ. ಚುರ್ರೊ ಕುರಿಯ ಉಣ್ಣೆ ಉದ್ದ, ನೇರ, ಜಿಡ್ಡು ಕಡಿಮೆ. ನೀರು ಅಪರೂಪವಾದ ಸೀಮೆಯಲ್ಲಿ ಹೆಚ್ಚು ತೊಳೆಯದೆಯೇ ನೂಲಬಹುದಾಗಿತ್ತು. ಹಳೆಯ ಹೊದಿಕೆಗಳ ರೇಷ್ಮೆಯಂಥ ಹೊಳಪು ಬಂದದ್ದು ಇದರಿಂದ. 20ನೆಯ ಶತಮಾನದ ಆರಂಭದಲ್ಲಿ ಮಾಂಸದ ಇಳುವರಿಗಾಗಿ ತಂದ ರಾಂಬುಯೆ ಟಗರುಗಳ ತಳಿ ಬೆರೆತಾಗ ಉಣ್ಣೆ ಗಿಡ್ಡವಾಗಿ, ಸುರುಳಿಯಾಗಿ, ಜಿಡ್ಡುಜಿಡ್ಡಾಯಿತು. ಆ ಕಾಲದ ಕಂಬಳಿಗಳ ನೂಲು ಗಂಟುಗಂಟಾಗಿ, ಬಣ್ಣ ಸಮನಾಗಿ ಹಿಡಿಯದೆ ಮಂಕಾಗಿ ಕಾಣುವುದು ಸಾಮಾನ್ಯ. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯುವ ಹೆಸರಿನಲ್ಲಿ ಸರ್ಕಾರ ಲಕ್ಷಾಂತರ ಜಾನುವಾರುಗಳನ್ನು ಕಡಿತ ಮಾಡಿದಾಗ ಚುರ್ರೊ ತಳಿಗೆ ಮತ್ತೊಂದು ಪೆಟ್ಟು ಬಿತ್ತು. 1977ರಿಂದ ನವಾಹೊ ಶೀಪ್ ಪ್ರಾಜೆಕ್ಟ್ ಆ ತಳಿಯನ್ನು ಮತ್ತೆ ಬೆಳೆಸುವ ಕೆಲಸ ಮಾಡುತ್ತಿದೆ.

ಕದಿರಿನಲ್ಲಿ ನೂತ ನೂಲು ಒಂಟಿ ಎಳೆಯದು, ದಪ್ಪದಲ್ಲಿ ಏರಿಳಿತ ಇರುತ್ತದೆ. ಬಿಳಿ, ಕಪ್ಪು ಉಣ್ಣೆಯನ್ನು ಒಟ್ಟಿಗೆ ಹಿಂಜಿ ಮಾಡಿದ ಬೂದುಬಣ್ಣದಲ್ಲಿ ಎರಡೂ ಕೂದಲು ಬಿಡಿಬಿಡಿಯಾಗಿ ಕಾಣುತ್ತವೆ. ಗಿರಣಿಯ ನೂಲು ಸಮನಾಗಿ, ಹಲವು ಎಳೆ ಹೊಸೆದಂತಿರುತ್ತದೆ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನ ಹೆಸರು ಹೊತ್ತ, ಕೃತಕ ಬಣ್ಣದ ನೂಲು ಮೊದಲು 3 ಎಳೆಯದಾಗಿ, 1870ರ ದಶಕದ ನಂತರ ಮುಖ್ಯವಾಗಿ 4 ಎಳೆಯದಾಗಿ ಬಂತು. ಎಳೆ ಎಣಿಸಿದರೆ ಕಾಲದ ಅಂದಾಜು ಸಿಗುತ್ತದೆ. ಈ ನೂಲಿನಲ್ಲಿ ನೇಯ್ದ, ಕಣ್ಣು ಕುಕ್ಕುವ ಬಣ್ಣದ ಕಂಬಳಿಗಳಿಗೆ ಸಂಗ್ರಾಹಕರಲ್ಲಿ ಪ್ರತ್ಯೇಕ ಬೇಡಿಕೆಯಿದೆ. ಹಾಸಿನ ನೂಲನ್ನೂ ನೋಡಬೇಕು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹತ್ತಿಯ ಹಾಸು ಬಳಕೆಗೆ ಬಂದಿತ್ತು. ನೆಲದ ಮೇಲೆ ಅದು ಬೇಗ ಸವೆದು ತುಂಡಾಗುವುದರಿಂದ ಬೆಲೆ ತಗ್ಗುತ್ತದೆ. ಬಿದ್ದುಹೋಗಿರುವ ಒಂದು ಚೂರು ನೂಲನ್ನು ಸುಟ್ಟರೆ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಕರಿ ಉಳಿಸುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ.

ಬಣ್ಣಗಳಲ್ಲಿ ಕೆಂಪಿನ ಕತೆಯೇ ದೊಡ್ಡದು. ಗಾಢ ಕೆಂಪು ಕೊಡುವ ಬಣ್ಣ ನವಾಹೊ ನೇಕಾರರ ಕೈಯಲ್ಲಿರಲಿಲ್ಲ. ಅವರು ವ್ಯಾಪಾರದಲ್ಲಿ ಬಂದ ‘ಬಯೇಟಾ’ ಎಂಬ ಕೆಂಪು ಉಣ್ಣೆಬಟ್ಟೆಯನ್ನು ಎಳೆಎಳೆಯಾಗಿ ಬಿಚ್ಚಿ ಮತ್ತೆ ನೇಯುತ್ತಿದ್ದರು. ಆ ಬಟ್ಟೆಗೆ ಬಣ್ಣ ಕೊಟ್ಟದ್ದು ಎರಡು ಕೀಟಗಳು: ಮೆಕ್ಸಿಕೊದ ಕಳ್ಳಿಗಿಡದ ಮೇಲಿನ ಕೊಚಿನೀಲ್ ಮತ್ತು ಭಾರತ, ಆಗ್ನೇಯ ಏಷ್ಯಾಗಳ ಅರಗಿನ ಹುಳು. ಅರಿಜೋನದ ಮರುಭೂಮಿಯ ಕಂಬಳಿಯ ಕೆಂಪಿನಲ್ಲಿ ಹೀಗೆ ಏಷ್ಯಾದ ಕಾಡಿನ ಅರಗೂ ಸೇರಿದೆ. ಅರಗಿನ ಬಣ್ಣ ಸಾಮಾನ್ಯವಾಗಿ ಹೆಚ್ಚು ಹಳೆಯ ತುಣುಕುಗಳಲ್ಲಿ ಕಂಡುಬರುವುದರಿಂದ, ಪ್ರಯೋಗಾಲಯದಲ್ಲಿ ಬಣ್ಣವನ್ನು ವಿಶ್ಲೇಷಿಸಿ ಕಾಲ ಹೇಳುವ ಪದ್ಧತಿ ಬೆಳೆಯಿತು. ಕೊಲರಾಡೊ ವಿಶ್ವವಿದ್ಯಾಲಯದ ಜೋ ಬೆನ್ ವೀಟ್ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ನೀಲಿ ಬಣ್ಣ ವ್ಯಾಪಾರದಲ್ಲಿ ಬಂದ ಇಂಡಿಗೊದಿಂದ. ಬಿಳಿ, ಕಂದು, ಕಪ್ಪುಗಂದು ಕುರಿಯ ಮೈಬಣ್ಣಗಳೇ. 1880ರ ದಶಕದಿಂದ ಪೊಟ್ಟಣದಲ್ಲಿ ಬಂದ ಅನಿಲಿನ್ ಬಣ್ಣಗಳು ಕೆಂಪನ್ನು ಎಲ್ಲರ ಕೈಗೂ ತಂದವು. ನೀರು ತಾಗಿದರೆ ಹರಡುವ, ಬಿಸಿಲಿಗೆ ಮಾಸುವ ದೋಷವನ್ನೂ ಜೊತೆಗೆ ತಂದವು.

ವ್ಯಾಪಾರ ಠಾಣ್ಯಗಳು, ಸೀಮೆಯ ಶೈಲಿಗಳು

ನೆಲಹಾಸಿನ ಘಟ್ಟದ ಕಂಬಳಿಗಳನ್ನು ಗುರುತಿಸುವುದು ಬಹುಮಟ್ಟಿಗೆ ವ್ಯಾಪಾರ ಠಾಣ್ಯಗಳ ಹೆಸರಿನಿಂದ. ನವಾಹೊಗಳು ಉಣ್ಣೆ, ಕಂಬಳಿ ಕೊಟ್ಟು ಹಿಟ್ಟು, ಕಾಫಿ, ಬಟ್ಟೆ ಪಡೆಯುತ್ತಿದ್ದ ಅಂಗಡಿಗಳಿವು. ಯಾವ ಚಿತ್ತಾರ ಮಾರಾಟವಾಗುತ್ತದೆಂದು ಅಂಗಡಿಯವನು ಹೇಳುತ್ತಿದ್ದ, ನೇಕಾರರು ಅದನ್ನು ತಮ್ಮ ಕೈಯಲ್ಲಿ ಬೇರೆಯದೇ ಆಗಿಸುತ್ತಿದ್ದರು.

ಗನಾಡೊದಲ್ಲಿ 1878ರಿಂದ ವ್ಯಾಪಾರ ನಡೆಸಿದ ಹುವಾನ್ ಲೊರೆಂಜೊ ಹಬ್ಬೆಲ್ ಹಳೆಯ ಹೊದಿಕೆಗಳ ವಿನ್ಯಾಸಗಳನ್ನು ಚಿತ್ರಕಾರರಿಂದ ಬರೆಸಿ ಗೋಡೆಗೆ ನೇತುಹಾಕಿದ್ದ. ಗಾಢ ಕೆಂಪು ನೆಲದ ಮೇಲೆ ಕಪ್ಪು, ಬಿಳಿ, ಬೂದಿ ಬಣ್ಣದ ದೊಡ್ಡ ವಜ್ರಾಕೃತಿ ಗನಾಡೊ ಶೈಲಿಯ ಗುರುತು. ಅವನ ಅಂಗಡಿ ಈಗ ರಾಷ್ಟ್ರೀಯ ಚಾರಿತ್ರಿಕ ತಾಣ. ಕ್ರಿಸ್ಟಲ್‌ನಲ್ಲಿ ಜೆ. ಬಿ. ಮೂರ್ 1903, 1911ರಲ್ಲಿ ಬಣ್ಣದ ಚಿತ್ರಗಳುಳ್ಳ ಕ್ಯಾಟಲಾಗುಗಳನ್ನು ಅಚ್ಚುಹಾಕಿಸಿ ಅಂಚೆಯ ಮೂಲಕ ಕಂಬಳಿ ಮಾರಿದ. ಪರ್ಷಿಯಾ, ಕಾಕಸಸ್ ಕಡೆಯ ರತ್ನಗಂಬಳಿಗಳ ಕೊಕ್ಕೆ, ಅಂಚುಪಟ್ಟಿಗಳು ನವಾಹೊ ನೇಯ್ಗೆಗೆ ಬಂದದ್ದು ಬಹುಪಾಲು ಈ ದಾರಿಯಿಂದ. ಕೈಯಲ್ಲಿರುವ ಕಂಬಳಿ ಆ ಕ್ಯಾಟಲಾಗಿನ ಚಿತ್ರವೊಂದಕ್ಕೆ ಹೊಂದಿದರೆ ಕಾಲನಿರ್ಣಯ ಗಟ್ಟಿಯಾಗುತ್ತದೆ, ಬೆಲೆಯೂ ಏರುತ್ತದೆ.

ಟೂ ಗ್ರೇ ಹಿಲ್ಸ್ ಶೈಲಿಯಲ್ಲಿ ಕೆಂಪಿಗೆ ಜಾಗವಿಲ್ಲ. ಕುರಿಯ ಸಹಜ ಬಿಳಿ, ಕಂದು, ಬೂದಿ ಬಣ್ಣಗಳ ಹಲವು ಛಾಯೆಗಳು, ಬಣ್ಣ ಹಾಕಿ ಗಾಢವಾಗಿಸಿದ ಕಪ್ಪು ಅಂಚುಪಟ್ಟಿ, ಬಲು ನಯವಾದ ನೂಲು ಇದರ ಲಕ್ಷಣ. ಟೀಕ್ ನೋಸ್ ಪೋಸ್‌ನಲ್ಲಿ ಅಗಲವಾದ ಅಂಚುಪಟ್ಟಿಯೊಳಗೆ ದಟ್ಟವಾದ, ಹಲವು ಬಣ್ಣದ ಚಿತ್ತಾರ. ಚಿನ್ಲಿ ಮತ್ತು ವೈಡ್ ರೂಯಿನ್ಸ್ ಕಂಬಳಿಗಳಲ್ಲಿ ಅಂಚುಪಟ್ಟಿಯಿಲ್ಲದ ಅಡ್ಡಪಟ್ಟೆಗಳಿದ್ದು ಗಿಡಮೂಲಿಕೆಯ ಮೆದು ಬಣ್ಣಗಳು ಕಾಣುತ್ತವೆ. ಚಿನ್ಲಿಯಲ್ಲಿ 1920ರ ದಶಕದಲ್ಲಿ, ವೈಡ್ ರೂಯಿನ್ಸ್‌ನಲ್ಲಿ 1938ರ ನಂತರ ಈ ಹಳೆಯ ಪದ್ಧತಿಗೆ ಮರುಜೀವ ಬಂತು. ಗಿಡಮೂಲಿಕೆಯ ಬಣ್ಣಗಳಲ್ಲಿ ಅಂಚುಪಟ್ಟಿಸಹಿತ ವಜ್ರಾಕೃತಿ ಇರುವ ಬರ್ನ್ಟ್‌ವಾಟರ್ ಶೈಲಿ ರೂಪುಗೊಂಡದ್ದು 1960ರ ದಶಕದ ಕೊನೆಯಲ್ಲಿ. ಅಂಥದ್ದನ್ನು ಅಜ್ಜಿ 1920ರಲ್ಲಿ ಕೊಂಡದ್ದೆಂದು ಹೇಳಿದರೆ ಆ ಮಾತು ನಿಲ್ಲುವುದಿಲ್ಲ. ‘ಯೇಯಿ’ ಎಂಬ ದಿವ್ಯಮೂರ್ತಿಗಳ ಸಾಲು ಇರುವ ಕಂಬಳಿಗಳನ್ನು ಪೂಜೆಯ ಹಾಸು ಎಂದು ಮಾರುವುದುಂಟು. ಅವು ವ್ಯಾಪಾರಕ್ಕೆಂದೇ ನೇಯ್ದವು, ಪೂಜಾವಿಧಿಯಲ್ಲಿ ಬಳಸಿದವಲ್ಲ. ಚಿಕಿತ್ಸಾ ವಿಧಿಗಳ ಪಂಡಿತನೂ ನೇಕಾರನೂ ಆಗಿದ್ದ ಹೋಸ್ಟೀನ್ ಕ್ಲಾ (1867–1937) ರಂಗೋಲಿಯಂತೆ ಮರಳಿನಲ್ಲಿ ಬಿಡಿಸಿ ಅಳಿಸಬೇಕಾದ ಪವಿತ್ರ ಚಿತ್ರಗಳನ್ನು ಕಂಬಳಿಯಲ್ಲಿ ನೇಯ್ದಾಗ ಸ್ವಜನರಿಂದಲೇ ವಿರೋಧ ಬಂತು. ಇಂದು ಅವು ಸಂಗ್ರಹಾಲಯಗಳ ಅಮೂಲ್ಯ ವಸ್ತುಗಳು.

ಭಾರತೀಯ ಓದುಗರ ಕಣ್ಣನ್ನು ಥಟ್ಟನೆ ಹಿಡಿಯುವ ಒಂದು ಗುರುತು ಸ್ವಸ್ತಿಕ. ನವಾಹೊಗಳಲ್ಲಿ ಅದು ‘ಸುತ್ತುವ ದಿಮ್ಮಿ’, ಅವರದೇ ಪುರಾಣಕತೆಗೆ ಸೇರಿದ್ದು. 20ನೆಯ ಶತಮಾನದ ಮೊದಲ ದಶಕಗಳ ಕಂಬಳಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾಜಿಗಳು ಅದನ್ನು ತಮ್ಮದಾಗಿಸಿಕೊಂಡ ಮೇಲೆ, 1940ರಲ್ಲಿ ನವಾಹೊ, ಹೋಪಿ ಮೊದಲಾದ ಜನಾಂಗಗಳ ಪ್ರತಿನಿಧಿಗಳು ಇನ್ನು ಮುಂದೆ ಈ ಗುರುತನ್ನು ಬಳಸುವುದಿಲ್ಲವೆಂದು ಸಹಿ ಹಾಕಿದರು. ಹೀಗಾಗಿ ಇದಿರುವ ಕಂಬಳಿ ಸಾಮಾನ್ಯವಾಗಿ 1940ಕ್ಕೆ ಮುಂಚಿನದು. ಕಾಲ ಹೇಳಲು ನೆರವಾಗುವ ಇದೇ ಗುರುತು ಕೆಲವು ಗಿರಾಕಿಗಳನ್ನು ದೂರವಿಡುವುದರಿಂದ ಬೆಲೆಯನ್ನು ಇಳಿಸುವುದೂ ಉಂಟು.

ನೇಯ್ಗೆಯ ಸೂಕ್ಷ್ಮತೆ

ಒಂದು ಅಂಗುಲಕ್ಕೆ ಎಷ್ಟು ಹೊಕ್ಕಿನ ಎಳೆ ಕೂತಿದೆ ಎಂಬುದು ಸೂಕ್ಷ್ಮತೆಯ ಅಳತೆ. ಅಂಗುಲಪಟ್ಟಿ, ಭೂತಗನ್ನಡಿ ಇಟ್ಟು ಮೂರ್ನಾಲ್ಕು ಕಡೆ ಎಣಿಸಿ ಸರಾಸರಿ ತೆಗೆಯುತ್ತಾರೆ. ಸಾಧಾರಣ ನೆಲಹಾಸಿನಲ್ಲಿ 30ರ ಆಸುಪಾಸು, ಒಳ್ಳೆಯದರಲ್ಲಿ 50 ಇದ್ದರೆ, 80 ದಾಟಿದ್ದನ್ನು ಟ್ಯಾಪೆಸ್ಟ್ರಿ ಎಂದು ಪ್ರತ್ಯೇಕವಾಗಿ ಪರಿಗಣಿಸುವುದು ರೂಢಿ. ಟೂ ಗ್ರೇ ಹಿಲ್ಸ್ ಸೀಮೆಯ ಡೇಸಿ ಟಾಗಲ್‌ಚೀ (1909–1990) ನೇಯ್ದವುಗಳಲ್ಲಿ ಈ ಸಂಖ್ಯೆ 100ನ್ನು ಮೀರಿತ್ತು. ಅವರ ಒಂದು ನೇಯ್ಗೆ 2004ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಬಂತು.

ಎಣಿಕೆಯೊಂದೇ ಸಾಲದು. ಕಂಬಳಿಯನ್ನು ಉದ್ದಕ್ಕೆ ಮಡಿಚಿದಾಗ ಎರಡು ಅಂಚೂ ಸರಿಯಾಗಿ ಕೂಡಬೇಕು, ನೆಲದ ಮೇಲೆ ಹಾಸಿದಾಗ ಮೂಲೆಗಳು ಏಳಬಾರದು, ಚಿತ್ತಾರದ ಎಡಬಲ ಸಮತೂಕವಾಗಿರಬೇಕು. ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಮಗ್ಗ ಎತ್ತರಿಸಿ, ತಿಂಗಳುಗಟ್ಟಲೆ ಒಂದೇ ಬಿಗಿ ಕಾಯ್ದುಕೊಳ್ಳಬೇಕಾದ ದೊಡ್ಡ ಕಂಬಳಿಗಳು ವಿರಳ. ಆದರೆ ಗೋಡೆಗೆ ತೂಗುಹಾಕಲಾಗದಷ್ಟು ದೊಡ್ಡದಾದರೆ ಗಿರಾಕಿಗಳ ಸಂಖ್ಯೆ ಕುಗ್ಗುತ್ತದೆ. ಕುದುರೆಯ ಜೀನಿನ ಕೆಳಗೆ ಹಾಕುವ, ಸುಮಾರು 30 ಅಂಗುಲ ಚೌಕದ ಪುಟ್ಟ ಕಂಬಳಿಗಳು ದುಡಿಮೆಯ ವಸ್ತುಗಳು. ಇವುಗಳ ಬೆಲೆ ತೀರಾ ಕಡಿಮೆ, ಹೊಸ ಸಂಗ್ರಾಹಕರು ಶುರುಮಾಡುವುದು ಬಹುಪಾಲು ಇವುಗಳಿಂದಲೇ.

ಈಗಿನ ಸ್ಥಿತಿ

ಒಂದೇ ಕಾಲದ, ಒಂದೇ ಶೈಲಿಯ ಎರಡು ಕಂಬಳಿಗಳ ಬೆಲೆಯಲ್ಲಿ ಹಲವು ಪಟ್ಟು ಅಂತರ ತರುವುದು ಸ್ಥಿತಿ. ಮೊದಲು ನುಸಿ. ನುಸಿಯ ಮರಿಗಳು ಹೊಕ್ಕನ್ನು ತಿಂದು ಹಾಸನ್ನು ಬೆತ್ತಲೆ ಮಾಡುತ್ತವೆ. ಹಾಸು ಉಳಿದಿದ್ದರೆ ಮತ್ತೆ ನೇಯ್ದು ಸರಿಪಡಿಸಬಹುದು, ಹಾಸೂ ತುಂಡಾಗಿದ್ದರೆ ಕೆಲಸ ದುಬಾರಿ. ಎರಡನೆಯದು ಅಂಚಿನ ಸವೆತ. ಹುರಿ ಕಿತ್ತುಹೋದರೆ ಒಳಗಿನ ನೇಯ್ಗೆ ಸಡಿಲಗೊಳ್ಳುತ್ತದೆ. ಬಿಚ್ಚಿದ ತುದಿಯನ್ನು ಕತ್ತರಿಸಿ ಮಡಿಚಿ ಹೊಲಿದ ಕಂಬಳಿಯಲ್ಲಿ ನಿಜತನದ ದೊಡ್ಡ ಸಾಕ್ಷಿಯೇ ಹೋಗಿರುತ್ತದೆ, ಚಿತ್ತಾರವೂ ಗಿಡ್ಡವಾಗಿರುತ್ತದೆ.

ಮೂರನೆಯದು ಬಣ್ಣ ಹರಡುವುದು. ಕೆಂಪಿನ ಪಕ್ಕದ ಬಿಳಿ ಗುಲಾಬಿಯಾಗಿದ್ದರೆ ಹಿಂದೆ ಯಾರೋ ನೀರಿನಲ್ಲಿ ನೆನೆಸಿದ್ದಾರೆಂದು ತಿಳಿಯಬೇಕು. ಒದ್ದೆ ಬಿಳಿಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡಿದರೆ ಬಣ್ಣ ಬಿಡುವ ಕಂಬಳಿ ಗುರುತು ಉಳಿಸುತ್ತದೆ. ಆದ ಕಾರಣ ಹಳೆಯ ಕಂಬಳಿಯನ್ನು ಮನೆಯಲ್ಲಿ ಒಗೆಯುವುದು, ಡ್ರೈಕ್ಲೀನಿಂಗಿಗೆ ಕೊಡುವುದು ಎರಡೂ ಅಪಾಯ. ನಾಲ್ಕನೆಯದು ಮಾಸುವಿಕೆ. ಹೊಕ್ಕಿನ ಎಳೆಗಳನ್ನು ಬೆರಳಿನಿಂದ ಸರಿಸಿ ಒಳಗಿನ ಬಣ್ಣವನ್ನು ಮೇಲಿನದರ ಜೊತೆ ಹೋಲಿಸಬೇಕು. ಒಂದು ಮಗ್ಗುಲು ಮಾತ್ರ ಮಾಸಿದ್ದರೆ, ಎರಡೂ ಕಡೆ ಒಂದೇ ಚಿತ್ತಾರವಿರುವ ಈ ಬಟ್ಟೆಯನ್ನು ತಿರುವಿ ಹಾಕಬಹುದು. ಎಳೆಯ ಹೊರಮೈಯಲ್ಲಿ ಮಾತ್ರ ಚಹಾದ ಬಣ್ಣ ಹತ್ತಿದ್ದು ಒಳಗೆಲ್ಲ ಹೊಚ್ಚ ಹೊಸದಾಗಿದ್ದರೆ, ಹಳೆಯದಾಗಿ ಕಾಣಿಸಲು ಕೈಚಳಕ ನಡೆದಿದೆ ಎಂದೇ ಅನುಮಾನಿಸಬೇಕು.

ಒಳ್ಳೆಯ ದುರಸ್ತಿ ಬೆಲೆಯನ್ನು ಕಾಯುತ್ತದೆ, ಕೆಟ್ಟದ್ದು ಇಳಿಸುತ್ತದೆ. ದುರಸ್ತಿಯಾದ ಜಾಗ ಅಂಗೈಗೆ ಗಡುಸಾಗಿಯೋ ಸಡಿಲವಾಗಿಯೋ ಸಿಗುತ್ತದೆ. ಅತಿನೇರಳೆ ದೀಪದಡಿ ಹೊಸ ನೂಲು ಬೇರೆಯಾಗಿ ಹೊಳೆಯುವುದೂ ಉಂಟು. ದುರಸ್ತಿಯ ಖರ್ಚು ಕಂಬಳಿಯ ಬೆಲೆಯನ್ನೇ ಮೀರುವ ಸಂದರ್ಭಗಳು ಕಡಿಮೆಯಲ್ಲ. ಕೆಲಸಕ್ಕೆ ಕೈಹಾಕುವ ಮುಂಚೆ ಮೌಲ್ಯನಿರ್ಣಯ ಮಾಡಿಸುವುದು ಜಾಣತನ.

ಬೆಲೆಯ ಬಗೆಗಳು, ಕಾನೂನು

ಒಂದು ಕಂಬಳಿಗೆ ಒಂದೇ ಬೆಲೆ ಎಂಬುದಿಲ್ಲ. ಕಳೆದುಹೋದರೆ ಅಂಥದ್ದನ್ನೇ ಅಂಗಡಿಯಲ್ಲಿ ಕೊಳ್ಳಲು ಬೇಕಾಗುವ ಮೊತ್ತ ವಿಮೆಯ ಬೆಲೆ, ಇದು ಎಲ್ಲಕ್ಕಿಂತ ಹೆಚ್ಚು. ಒತ್ತಾಯವಿಲ್ಲದ, ವಿಷಯ ತಿಳಿದ ಮಾರುವವನೂ ಕೊಳ್ಳುವವನೂ ಒಪ್ಪುವ ಮೊತ್ತ ನ್ಯಾಯವಾದ ಮಾರುಕಟ್ಟೆ ಬೆಲೆ. ಆಸ್ತಿ ಹಂಚಿಕೆಗೂ ತೆರಿಗೆಗೂ ಇದೇ ಆಧಾರ. ವ್ಯಾಪಾರಿ ತಕ್ಷಣ ಕೊಡುವ ಹಣ ಇವೆರಡಕ್ಕಿಂತ ಕಡಿಮೆ, ಏಕೆಂದರೆ ಅವನ ಲಾಭ, ಬಾಡಿಗೆ, ಕಾಯುವ ಕಾಲ ಎಲ್ಲವೂ ಅದರಲ್ಲಿ ಕಳೆಯಬೇಕು. ಆದ್ದರಿಂದ ಮೌಲ್ಯನಿರ್ಣಯದ ವರದಿ ಯಾವ ಉದ್ದೇಶಕ್ಕೆ, ಯಾವ ದಿನಾಂಕಕ್ಕೆ ಎಂಬುದನ್ನು ಹೇಳಲೇಬೇಕು. ಅಳತೆ, ಎಳೆಯೆಣಿಕೆ, ಎರಡೂ ಮಗ್ಗುಲಿನ ಫೋಟೊ, ದೋಷಗಳ ಪಟ್ಟಿ, ಹೋಲಿಕೆಗೆ ತೆಗೆದುಕೊಂಡ ಇತ್ತೀಚಿನ ಮಾರಾಟಗಳು ಅದರಲ್ಲಿರಬೇಕು. ಅಂಗಡಿಯಲ್ಲಿ ನೇತುಹಾಕಿದ ಬೆಲೆಚೀಟಿ ಹೋಲಿಕೆಗೆ ಬರುವುದಿಲ್ಲ, ನಿಜವಾಗಿ ಕೈಬದಲಾದ ಹಣ ಮಾತ್ರ ಲೆಕ್ಕ.

ಅಮೆರಿಕದಲ್ಲಿ ಮೌಲ್ಯಮಾಪಕರ ವೃತ್ತಿಗೆ ಲಿಖಿತ ಮಾನದಂಡಗಳಿವೆ. ಕಟ್ಟಿದ ಬೆಲೆಯ ಇಂತಿಷ್ಟು ಶೇಕಡಾ ಎಂದು ಶುಲ್ಕ ಪಡೆಯುವುದು ವೃತ್ತಿನೀತಿಗೆ ವಿರುದ್ಧ. ಬೆಲೆ ಹೇಳಿದವನೇ ಅದನ್ನು ಕೊಳ್ಳಲು ಮುಂದಾದರೆ ಎರಡನೆಯ ಅಭಿಪ್ರಾಯ ಪಡೆಯಬೇಕು. ಸಂಗ್ರಹಾಲಯಕ್ಕೆ ದಾನ ಕೊಟ್ಟು 5,000 ಡಾಲರಿಗಿಂತ ಹೆಚ್ಚು ತೆರಿಗೆ ಕಡಿತ ಕೇಳುವವರಿಗೆ ಅರ್ಹ ಮೌಲ್ಯಮಾಪಕರ ವರದಿ ಕಡ್ಡಾಯ.

ಅಮೆರಿಕದ ಮೂಲನಿವಾಸಿಗಳ ಕೆಲಸಕ್ಕೆ ಸಂಬಂಧಿಸಿದ 1990ರ ‘ಇಂಡಿಯನ್ ಕಲೆ ಮತ್ತು ಕರಕುಶಲ ಕಾಯ್ದೆ’ಯ ಪ್ರಕಾರ ನವಾಹೊಗಳು ಮಾಡದ ವಸ್ತುವನ್ನು ನವಾಹೊ ಎಂದು ಮಾರುವುದು ಅಪರಾಧ. ಮೊದಲ ಸಲ ತಪ್ಪು ಮಾಡಿದ ವ್ಯಕ್ತಿಗೂ 2.5 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆ ವಿಧಿಸಬಹುದು. ಈ ಕಾಯ್ದೆ 1935ರ ನಂತರ ತಯಾರಾದ ವಸ್ತುಗಳಿಗೆ ಅನ್ವಯಿಸುತ್ತದೆ. ‘ನವಾಹೊ ಮಾದರಿ’, ‘ನೈಋತ್ಯ ಶೈಲಿ’ ಎಂಬ ಚೀಟಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ನೇಕಾರ್ತಿಯ ಹೆಸರು

ಕಂಬಳಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಬೆಲೆಗೆ ಬಲ ಕೊಡುತ್ತದೆ. ಹಳೆಯ ರಸೀದಿ, ಠಾಣ್ಯದ ಚೀಟಿ, ಕಂಬಳಿ ಹಾಸಿದ ಕೋಣೆಯ ಹಳೆಯ ಫೋಟೊ, ಸರ್ಕಾರಿ ಕರಕುಶಲ ಮಂಡಲಿಯ ಮುದ್ರೆ, ಇವುಗಳಲ್ಲಿ ಯಾವುದನ್ನೂ ಎಸೆಯಬಾರದು. ಈ ಎಲ್ಲ ಕಾಗದಗಳಲ್ಲಿ ಸಾಮಾನ್ಯವಾಗಿ ಇಲ್ಲದ್ದು ನೇಯ್ದವಳ ಹೆಸರು. 19ನೆಯ ಶತಮಾನದ ಕೊನೆಯಲ್ಲಿ ವ್ಯಾಪಾರಿಗಳು ಸಾಧಾರಣ ಕಂಬಳಿಗಳನ್ನು ತಕ್ಕಡಿಯಲ್ಲಿ ತೂಗಿ ಪೌಂಡಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಬಣ್ಣ ಹಾಕಿ, ನೂರಾರು ಗಂಟೆ ನೇಯ್ದ ಕೆಲಸಕ್ಕೆ ಸಿಕ್ಕದ್ದು ಉಣ್ಣೆಯ ತೂಕದ ದರಕ್ಕಿಂತ ಸ್ವಲ್ಪ ಹೆಚ್ಚು. ಶೈಲಿಗಳಿಗೆ ಅಂಗಡಿಗಳ ಹೆಸರು ಉಳಿಯಿತು, ಕೆಲವಕ್ಕೆ ಅಂಗಡಿಯವರದೇ ಹೆಸರು. 1972ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯ ಹಳೆಯ ನವಾಹೊ ಕಂಬಳಿಗಳನ್ನು ಕಲಾಕೃತಿಗಳಾಗಿ ಪ್ರದರ್ಶಿಸಿದ ನಂತರ ಸಂಗ್ರಾಹಕರ ಆಸಕ್ತಿಯೂ ಬೆಲೆಯೂ ಏರಿದವು. ಆದರೆ ಹಳೆಯ ಕಂಬಳಿಯ ಏರಿದ ಬೆಲೆ ಸೇರುವುದು ಅದನ್ನು ಹಿಡಿದಿಟ್ಟುಕೊಂಡವರಿಗೆ. ನೇಯ್ದವರ ಮೊಮ್ಮಕ್ಕಳ ಹೊಸ ಕಂಬಳಿ ಅದೇ ಹಳೆಯ ಕಂಬಳಿಯ ಜೊತೆ ಮಾರುಕಟ್ಟೆಯಲ್ಲಿ ಸ್ಪರ್ಧಿಸಬೇಕು. ಕೆನಡಾದ ಮಾನವಶಾಸ್ತ್ರಜ್ಞೆ ಕ್ಯಾಥಿ ಮಕ್ಲಾಸ್ಕಿ 2002ರ ತಮ್ಮ ಗ್ರಂಥದಲ್ಲಿ ನವಾಹೊ ನೇಕಾರರ ದುಡಿಮೆಯ ಈ ಮರೆಯಾದ ಲೆಕ್ಕವನ್ನು ವ್ಯಾಪಾರಿಗಳ ಕಡತಗಳಿಂದಲೇ ಹೊರತೆಗೆದರು.

ಬದಲಾವಣೆಯೂ ಆಗಿದೆ. ನ್ಯೂ ಮೆಕ್ಸಿಕೊದ ಕ್ರೌನ್‌ಪಾಯಿಂಟ್‌ನಲ್ಲಿ 1968ರಲ್ಲಿ ಶುರುವಾದ ಕಂಬಳಿ ಹರಾಜಿನಲ್ಲಿ ನೇಕಾರರು ತಮ್ಮ ಕೆಲಸವನ್ನು ಕೊಳ್ಳುವವರ ಮುಂದೆ ನೇರವಾಗಿ ಇಡುವ ವ್ಯವಸ್ಥೆ ಬಂತು. ಅಲ್ಲಿ ಕೊಂಡ ಕಂಬಳಿಯ ಚೀಟಿಯ ಮೇಲೆ ನೇಕಾರ್ತಿಯ ಹೆಸರಿರುತ್ತದೆ. ಕೊಂಡವರು ಆ ಚೀಟಿಯನ್ನು ಜೋಪಾನ ಮಾಡಿದರೆ, ಇನ್ನು ನೂರು ವರ್ಷದ ಮೇಲೆ ಅದೇ ಕಂಬಳಿಯ ಅಂಚನ್ನು ಬೆರಳಿನಿಂದ ತಡವಿ ನೋಡುವ ಮೌಲ್ಯಮಾಪಕ ತನ್ನ ವರದಿಯಲ್ಲಿ ‘ನೇಯ್ದವರು’ ಎಂಬ ಜಾಗವನ್ನು ಖಾಲಿ ಬಿಡಬೇಕಾಗಿ ಬರುವುದಿಲ್ಲ.